ವಾಸನೆ ಎಲೆಯೊಳಗಿಲ್ಲ, ಎಲೆಯ ಮೇಲಿದೆ

ಪುದೀನ ಗಿಡದ ಹತ್ತಿರ ಹೋಗಿ, ಎಲೆ ಮುಟ್ಟದೆ ಮೂಸಿ ನೋಡಿ. ಹೇಳಿಕೊಳ್ಳುವಂಥ ವಾಸನೆ ಬರುವುದಿಲ್ಲ. ಈಗ ಅದೇ ಎಲೆಯನ್ನು ಎರಡು ಬೆರಳಲ್ಲಿ ಹಗುರವಾಗಿ ಸವರಿ. ಹಿಂಡಬೇಡಿ, ಹರಿಯಬೇಡಿ, ಸುಮ್ನೆ ಸವರಿದರೆ ಸಾಕು. ಬೆರಳೆಲ್ಲ ಘಮ್ಮೆನ್ನುತ್ತದೆ. ಎಲೆ ನೋಡಿದರೆ ಇದ್ದ ಹಾಗೇ ಇದೆ, ಎಲ್ಲೂ ಜಜ್ಜಿಲ್ಲ, ರಸವೂ ಬಂದಿಲ್ಲ. ಹಾಗಾದರೆ ಆ ಎಣ್ಣೆ ಎಲ್ಲಿತ್ತು?

ಕರಿಬೇವಿನ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕರಿಬೇವಿನ ಎಲೆ ಮುರಿಯಬೇಕು, ಆಗಲೇ ಅದರ ಪೂರ್ತಿ ವಾಸನೆ. ಅದರ ಎಣ್ಣೆ ಎಲೆಯ ಒಳಗಿನ ಸಣ್ಣ ಸಣ್ಣ ಗೂಡುಗಳಲ್ಲಿರುತ್ತದೆ. ಕೊತ್ತಂಬರಿಯಲ್ಲೂ ಅಷ್ಟೇ, ಒಳಗಡೆ ನಾಳಗಳಲ್ಲಿ. ಪುದೀನದ ಕಡೆಯವರು ಮಾತ್ರ ತಮ್ಮ ಸರಕನ್ನು ಹೊರಗೆ, ಎಲೆಯ ಚರ್ಮದ ಮೇಲೆ ಇಟ್ಟುಕೊಂಡಿರುತ್ತಾರೆ. ಈ ಗಿಡಗಳ ಔಷಧಿ ಗುಣದ ಬಗ್ಗೆ ಮಾತಾಡುವವರು ಎಲ್ಲವನ್ನೂ ಹೇಳುತ್ತಾರೆ, ಕಫಕ್ಕೆ ಒಳ್ಳೆಯದು, ಜೀರ್ಣಕ್ಕೆ ಒಳ್ಳೆಯದು, ಇನ್ನೂ ಏನೇನೋ. ಆದರೆ ಈ ಒಂದು ಸರಳ ಸಂಗತಿ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಇದನ್ನು ತಿಳಿದುಕೊಂಡರೆ ಕಷಾಯ ಹೇಗೆ ಮಾಡಬೇಕು, ಗಿಡ ಎಲ್ಲಿಡಬೇಕು, ಯಾವ ಎಲೆ ಕೀಳಬೇಕು ಅನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ನೆಂಟರ ಪರಿಚಯ ಮಾಡಿಕೊಳ್ಳೋಣ. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಹೂವಿನ ಅಂಗಡಿಯ ಮರುಗ, ಶಿವನ ಪೂಜೆಗೆ ತರುವ ತುಂಬೆ, ಬೇಲಿ ಸಾಲಿನ ಲಕ್ಕಿ, ಇವೆಲ್ಲ ಪುದೀನದ ಕುಟುಂಬವೇ. ಸಸ್ಯಶಾಸ್ತ್ರದವರು ಲೇಮಿಯೇಸಿ ಅನ್ನುತ್ತಾರೆ. 7000ಕ್ಕೂ ಹೆಚ್ಚು ಜಾತಿಗಳ ದೊಡ್ಡ ಸಂಸಾರ. ಗುರುತು ಸುಲಭ. ಕಾಂಡವನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಾಮಾನ್ಯವಾಗಿ ನಾಲ್ಕು ಮೂಲೆ ಸಿಗುತ್ತವೆ, ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಹೂವಿಗೆ ಮೇಲೊಂದು ಕೆಳಗೊಂದು ತುಟಿ. ಮರುಗದ ಜೊತೆ ಒಂದೇ ದಂಡೆಯಲ್ಲಿ ಕಟ್ಟುವ ದವನ ಮಾತ್ರ ಈ ಕುಟುಂಬದ್ದಲ್ಲ, ಅದು ಸೇವಂತಿಗೆ ಕಡೆಯದು. ಇನ್ನೊಂದು ಕಡೆ, ಯಾರೂ ನಿರೀಕ್ಷಿಸದ ನೆಂಟ ಒಬ್ಬನಿದ್ದಾನೆ. ತೇಗದ ಮರ! ಹೌದು, ಬಾಗಿಲು ಮಾಡಿಸುವ ಸಾಗುವಾನಿಯೇ. ಮೊದಲು ಅದನ್ನು ಬೇರೆ ಕುಟುಂಬದಲ್ಲಿ ಇಟ್ಟಿದ್ದರು, 1990ರ ದಶಕದಿಂದೀಚೆಗೆ ತುಳಸಿಯ ಸಾಲಿಗೆ ಬಂತು. ತೇಗಕ್ಕೆ ಗೆದ್ದಲು ಸುಲಭವಾಗಿ ಹಿಡಿಯುವುದಿಲ್ಲ ಅಲ್ವಾ, ಅದಕ್ಕೆ ಕಾರಣ ಮರದೊಳಗಿರುವ ಕ್ವಿನೋನ್ ಎಂಬ ಗುಂಪಿನ ರಾಸಾಯನಿಕಗಳು. ರಾಸಾಯನಿಕ ತಯಾರಿಸುವ ಚಾಳಿ ಇಡೀ ವಂಶದಲ್ಲೇ ಇದೆ ಅನ್ನಿ.

ಈಗ ಎಲೆಗೆ ಬರೋಣ. ಫೋನಿಗೆ ಸಿಕ್ಕಿಸುವ ಒಂದು ಅಗ್ಗದ ಮ್ಯಾಕ್ರೋ ಲೆನ್ಸ್ ಇದ್ದರೆ ಪುದೀನ ಎಲೆಯನ್ನು ಮಗುಚಿ, ಕೆಳಮೈ ಮೇಲೆ ಓರೆಯಾಗಿ ಬೆಳಕು ಬೀಳುವ ಹಾಗೆ ಹಿಡಿಯಿರಿ. ನರಗಳ ಮಧ್ಯೆ ಸಣ್ಣ ಗುಳಿಗಳಿರುತ್ತವೆ. ಒಂದೊಂದು ಗುಳಿಯಲ್ಲೂ ಹೊಳೆಯುವ ಒಂದು ಚುಕ್ಕೆ, ಕೆಲವು ನೀರಿನಷ್ಟು ತಿಳಿ, ಹಳೆಯ ಎಲೆಯಲ್ಲಿ ಸ್ವಲ್ಪ ಹಳದಿ. ತೀರಾ ಸಣ್ಣ ಸೂಜಿಮೊನೆಯಿಂದ ಒಂದನ್ನು ಮುಟ್ಟಿದರೆ ಒಡೆದು ಎಣ್ಣೆ ಹರಡಿಕೊಳ್ಳುತ್ತದೆ. ಅಷ್ಟೇ. ಪುದೀನದ ಘಮವೆಲ್ಲ ಆ ಚುಕ್ಕೆಗಳಲ್ಲಿದೆ, ಹಸಿರು ಭಾಗದಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಈ ಚುಕ್ಕೆ ನಿಜವಾಗಿ ಒಂದು ಬಗೆಯ ಕೂದಲು. ಎಲೆಯ ಮೇಲಿನ ರೋಮಗಳಲ್ಲಿ ಕೆಲವು ಚೂಪಾದ ಮಾಮೂಲಿ ರೋಮಗಳು, ಹುಳ ನಡೆಯಲು ಅಡ್ಡಿ ಮಾಡುವುದು ಅವುಗಳ ಒಂದು ಕೆಲಸ. ಇನ್ನು ಕೆಲವು ಗ್ರಂಥಿಗಳಾಗಿವೆ. ಪೆಪ್ಪರ್‌ಮಿಂಟ್ ಎಂಬ ಪುದೀನ ಜಾತಿಯಲ್ಲಿ ದೊಡ್ಡ ಗ್ರಂಥಿಯ ರಚನೆ ಹೀಗಿದೆ: ಬುಡದಲ್ಲಿ ಒಂದು ಜೀವಕೋಶ, ಅದರ ಮೇಲೆ ಗಿಡ್ಡ ಕಾಂಡದಂಥ ಇನ್ನೊಂದು, ತಲೆಯ ಮೇಲೆ ತಟ್ಟೆಯ ಹಾಗೆ ಜೋಡಿಸಿದ ಎಂಟು. ಎಣ್ಣೆ ತಯಾರಿಸುವುದು ಈ ಎಂಟು. ಕಾಮಕಸ್ತೂರಿಯಲ್ಲಿ ಇವು ನಾಲ್ಕು. ಈ ಕೋಶಗಳಲ್ಲಿ ಹಸಿರು ಇಲ್ಲ, ತಮ್ಮ ಊಟ ತಾವು ಬೇಯಿಸಿಕೊಳ್ಳುವುದಿಲ್ಲ, ಕೆಳಗಿನ ಎಲೆ ಸಕ್ಕರೆ ಕಳಿಸುತ್ತದೆ, ಇವು ಅದನ್ನು ಎಣ್ಣೆ ಮಾಡುತ್ತವೆ. ತಯಾರಾದ ಎಣ್ಣೆಯನ್ನು ತಮ್ಮೊಳಗೆ ಇಟ್ಟುಕೊಳ್ಳುವುದೂ ಇಲ್ಲ. ಎಲೆಯ ಹೊರಗಿನ ಮೇಣದ ಪೊರೆ ಇದೆಯಲ್ಲ, ಅದನ್ನು ಮೇಲಕ್ಕೆತ್ತಿ, ಕೋಶ ಮತ್ತು ಪೊರೆಯ ಮಧ್ಯದ ಜಾಗಕ್ಕೆ ಎಣ್ಣೆ ತುಂಬಿಸುತ್ತವೆ. ನೀವು ಬೆರಳಲ್ಲಿ ಸವರಿದಾಗ ಒಡೆಯುವುದು ಈ ಪೊರೆ.

ಯಾಕೆ ಹೊರಗೆ? ಯಾಕೆಂದರೆ ಅದು ವಿಷ. ಮೆಂಥಾಲ್, ಥೈಮಾಲ್, ಯೂಜಿನಾಲ್ ಅಂತ ಈ ಎಣ್ಣೆಗಳಲ್ಲಿರುವ ವಸ್ತುಗಳೆಲ್ಲ ಜೀವಕೋಶದ ಪೊರೆಯನ್ನು ಕೆಡಿಸುವಂಥವು. ಬ್ಯಾಕ್ಟೀರಿಯಾ, ಶಿಲೀಂಧ್ರ, ಎಲೆ ತಿನ್ನುವ ಹುಳ ಯಾವುದನ್ನೂ ಬಿಡುವುದಿಲ್ಲ, ಗಿಡದ ಸ್ವಂತ ಕೋಶವನ್ನೂ ಅಷ್ಟೇ. ಒಳಗೆ ಚೆಲ್ಲಿದರೆ ಗಿಡಕ್ಕೇ ಕುತ್ತು. ಹುಳ ಬಂದು ಕಾಲಿಟ್ಟರೆ, ಬಾಯಿ ಹಾಕಿದರೆ ಮೊದಲು ಎದುರಾಗುವುದು ಇದೇ ಆಗಬೇಕು. ನಮ್ಮ ನೆಗಡಿಗೆ ಅಂತ ತುಳಸಿ ಏನನ್ನೂ ತಯಾರಿಸುವುದಿಲ್ಲ. ಹುಳಕ್ಕೆ ಅಂತ ಮಾಡಿಟ್ಟ ವಿಷ, ಹುಳಕ್ಕಿಂತ ಸಾವಿರಾರು ಪಟ್ಟು ದೊಡ್ಡವರಾದ ನಮಗೆ ಸಣ್ಣ ಪ್ರಮಾಣದಲ್ಲಿ ಹಿತವಾಗಿರುತ್ತದೆ. ಪ್ರಮಾಣ ತಪ್ಪಿದರೆ ನಮಗೂ ವಿಷವೇ, ಅದಕ್ಕೆ ಆಮೇಲೆ ಬರುತ್ತೇನೆ.

ಸಕ್ಕರೆ ಮೆಂಥಾಲ್ ಆಗುವ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಡೀ ಸಸ್ಯ ಜಗತ್ತಿನಲ್ಲಿ ಇಷ್ಟು ಚೆನ್ನಾಗಿ ಬಿಡಿಸಿಟ್ಟ ಕಥೆಗಳು ಕಡಿಮೆ. ಇದನ್ನು ಬಿಡಿಸಿದ್ದು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ರಾಡ್ನಿ ಕ್ರೋಟೋ ಮತ್ತು ಅವರ ತಂಡ, ಹಲವು ದಶಕಗಳ ಕೆಲಸ. ಅವರಿಗೆ ಎದುರಾದ ಮೊದಲ ಕಷ್ಟವೇ ಗ್ರಂಥಿಗಳನ್ನು ಬೇರೆ ಮಾಡುವುದು. ಇಡೀ ಎಲೆ ರುಬ್ಬಿದರೆ ಹಸಿರು, ನಾರು, ಫೀನಾಲು ಎಲ್ಲ ಬೆರೆತು ಏನೂ ಸಿಗುವುದಿಲ್ಲ. ಕೊನೆಗೆ ಎಳೆ ಎಲೆಗಳನ್ನು ತಣ್ಣನೆಯ ದ್ರಾವಣದಲ್ಲಿ ಸಣ್ಣ ಗಾಜಿನ ಮಣಿಗಳ ಜೊತೆ ಕಲಕಿ, ಗ್ರಂಥಿಗಳಷ್ಟೇ ಉದುರುವ ಹಾಗೆ ಮಾಡಿ, ಜರಡಿ ಹಿಡಿದು ಸೋಸಿದರು. ಔಷಧಿ ಎಲೆಯ ಮೇಲಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಉಜ್ಜಿದರೆ ಉದುರಿ ಬೀಳುವ ಆ ಪುಡಿ ಕೋಶಗಳೇ ಲ್ಯಾಬಿನಲ್ಲಿ ಎಣ್ಣೆಯ ಕೆಲಸ ಮುಂದುವರಿಸಿದವು.

ದಾರಿ ಹೀಗಿದೆ. ಸಕ್ಕರೆ ಒಡೆದು ಬಂದ ತುಂಡುಗಳಿಂದ ಐದು ಕಾರ್ಬನ್ನಿನ ಒಂದು ಇಟ್ಟಿಗೆ ತಯಾರಾಗುತ್ತದೆ. ಎರಡು ಇಟ್ಟಿಗೆ ಸೇರಿದರೆ ಹತ್ತು ಕಾರ್ಬನ್. ಲಿಮೊನೀನ್ ಸಿಂಥೇಸ್ ಎಂಬ ಕಿಣ್ವ (ಕೋಶದೊಳಗೆ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನ್) ಈ ಉದ್ದನೆಯ ಎಳೆಯನ್ನು ಮಡಿಸಿ ಉಂಗುರ ಮಾಡುತ್ತದೆ, ಅದೇ ಲಿಮೊನೀನ್. ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಮೂಗಿಗೆ ಬರುತ್ತದಲ್ಲ, ಆ ಎಣ್ಣೆಯಲ್ಲಿ ಹೆಚ್ಚಿರುವುದೂ ಲಿಮೊನೀನೇ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾದ ರೂಪ. ಇಲ್ಲಿಂದ ಮುಂದೆ ಇನ್ನೊಂದು ಕಿಣ್ವ ಆ ಉಂಗುರದ ಮೂರನೇ ಜಾಗಕ್ಕೆ ಆಕ್ಸಿಜನ್ ಅಂಟಿಸುತ್ತದೆ. ಆಮೇಲೆ ಒಂದೊಂದೇ ಕಿಣ್ವ ಒಂದೊಂದು ಸಣ್ಣ ತಿದ್ದುಪಡಿ ಮಾಡುತ್ತಾ ಹೋಗಿ, ನಡುವೆ ಪುಲೆಗೋನ್, ಅದರಿಂದ ಮೆಂಥೋನ್, ಕೊನೆಗೆ ಮೆಂಥಾಲ್. ಐದು ಕಾರ್ಬನ್ನಿನ ಇಟ್ಟಿಗೆಯಿಂದ ಲೆಕ್ಕ ಹಾಕಿದರೆ ಒಟ್ಟು ಎಂಟು ಹೆಜ್ಜೆ. ಎಲ್ಲ ಹೆಜ್ಜೆಗಳೂ ಒಂದೇ ಕಡೆ ನಡೆಯುವುದಿಲ್ಲ. ಲಿಮೊನೀನ್ ತಯಾರಾಗುವುದು ಕೋಶದೊಳಗಿನ ಪ್ಲಾಸ್ಟಿಡ್ ಎಂಬ ಬಣ್ಣವಿಲ್ಲದ ಪುಟ್ಟ ಚೀಲದಲ್ಲಿ, ಆಕ್ಸಿಜನ್ ಅಂಟುವುದು ಇನ್ನೊಂದು ಪೊರೆಯ ಮೇಲೆ, ಮುಂದಿನ ಹೆಜ್ಜೆ ಮೈಟೊಕಾಂಡ್ರಿಯಾ ಎಂಬ ಇನ್ನೊಂದು ಚೀಲದಲ್ಲಿ, ಕೊನೆಯವು ಈ ಚೀಲಗಳ ಸುತ್ತ ಕೋಶದೊಳಗೇ ಇರುವ ದ್ರವದಲ್ಲಿ. ಸರ್ಕಾರಿ ಕಚೇರಿಯ ಫೈಲಿನ ಹಾಗೆ ಟೇಬಲ್ಲಿಂದ ಟೇಬಲ್ಲಿಗೆ ಓಡಾಟ, ಆದರೆ ಇಲ್ಲಿ ಕೆಲಸ ಆಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಆ ಆಕ್ಸಿಜನ್ ಅಂಟಿಸುವ ಹೆಜ್ಜೆಯದ್ದು. ಪೆಪ್ಪರ್‌ಮಿಂಟ್‌ನಲ್ಲಿ ಅದು ಮೂರನೇ ಜಾಗಕ್ಕೆ ಅಂಟುತ್ತದೆ, ಇನ್ನೊಂದು ಪುದೀನ ಜಾತಿಯಾದ ಸ್ಪಿಯರ್‌ಮಿಂಟ್‌ನಲ್ಲಿ ಆರನೇ ಜಾಗಕ್ಕೆ. ಅಷ್ಟೇ ವ್ಯತ್ಯಾಸ. ಮೂರಕ್ಕೆ ಅಂಟಿದರೆ ದಾರಿ ಮೆಂಥಾಲ್ ಕಡೆ, ಆರಕ್ಕೆ ಅಂಟಿದರೆ ಕಾರ್ವೋನ್ ಕಡೆ. 2000ದಲ್ಲಿ ಕ್ರೋಟೋ ತಂಡ ಸ್ಪಿಯರ್‌ಮಿಂಟ್‌ನ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಾಯಿಸಿತು. ಕಿಣ್ವ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರಪಳಿ, ಅದರ 363ನೇ ಕೊಂಡಿ, ಅದೊಂದೇ. ಕಿಣ್ವ ಆರು ಬಿಟ್ಟು ಮೂರಕ್ಕೆ ಅಂಟಿಸತೊಡಗಿತು! ಇಡೀ ಗಿಡದ ಗುಣ ಒಂದು ಕೊಂಡಿಯ ಮೇಲೆ ನಿಂತಿತ್ತು.

ಸಂತೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್ ಕಡೆಯದು. ಅದಕ್ಕೇ ಪುದೀನ ಚಟ್ನಿ ಎಷ್ಟು ತಿಂದರೂ ಪೆಪ್ಪರ್‌ಮಿಂಟ್ ಗುಳಿಗೆ ಚೀಪಿದಷ್ಟು ಬಾಯಿ ತಣ್ಣಗಾಗುವುದಿಲ್ಲ. ಕಾರ್ವೋನಿಗೆ ಘಮ ಇದೆ, ತಂಪು ಅಷ್ಟಾಗಿ ಇಲ್ಲ. ಇದೇ ಕಾರ್ವೋನಿನ ಕನ್ನಡಿ ರೂಪ ಸಬ್ಬಸಿಗೆ ಬೀಜದಲ್ಲಿದೆ. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ, ಎಡಗೈ ಬಲಗೈ ವ್ಯತ್ಯಾಸ. ಮೂಗು ಮಾತ್ರ ಎರಡನ್ನೂ ಬೇರೆ ಬೇರೆ ಅನ್ನುತ್ತದೆ.

ಮೆಂಥಾಲ್ ತಂಪು ಯಾಕೆ ಅನ್ನುವುದೂ ಈಗ ಗೊತ್ತಿದೆ. ನಮ್ಮ ನರಗಳಲ್ಲಿ ಚಳಿ ಅಳೆಯುವ ಒಂದು ಬಾಗಿಲಿದೆ, ಟಿಆರ್‌ಪಿಎಂ8 ಅಂತ ಹೆಸರು. ಚಳಿಯಾದಾಗ ಅದು ತೆರೆದುಕೊಂಡು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಂಥಾಲ್ ಅಂಟಿದರೂ ತೆರೆದುಕೊಳ್ಳುತ್ತದೆ. ಬಾಯಿ ಒಂದು ಡಿಗ್ರಿಯೂ ತಣ್ಣಗಾಗಿರುವುದಿಲ್ಲ, ಮಿದುಳಿಗೆ ಮಾತ್ರ ಹಾಗೆ ಅನ್ನಿಸುತ್ತದೆ. 2002ರಲ್ಲಿ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದವು. ಅವುಗಳ ಮುಂದಾಳುಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ ಶಾಖ ಮತ್ತು ಸ್ಪರ್ಶದ ಅರಿವಿನ ಬಗೆಗಿನ ಕೆಲಸಕ್ಕೆ 2021ರ ನೊಬೆಲ್ ಬಂತು. ಕಟ್ಟಿದ ಮೂಗಿಗೆ ಮುಲಾಮು ಹಚ್ಚಿದಾಗ ಮೂಗು ತೆರೆದ ಹಾಗೆ ಅನ್ನಿಸುವುದರಲ್ಲೂ ದೊಡ್ಡ ಪಾಲು ಈ ತಂಪಿನ ಅನಿಸಿಕೆಯದ್ದೇ. ಕರುಳಿನ ಮೇಲೆ ಮಾತ್ರ ಇದು ನಿಜವಾಗಿ ಕೆಲಸ ಮಾಡುತ್ತದೆ, ಕರುಳಿನ ಸ್ನಾಯುಗಳು ಸಡಿಲವಾಗುತ್ತವೆ. ಐಬಿಎಸ್ (ಆಗಾಗ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಬರೆದುಕೊಡುವ ಡಾಕ್ಟರುಗಳಿದ್ದಾರೆ. ಅದಕ್ಕೆ ಹೊಟ್ಟೆಯಲ್ಲಿ ಕರಗದ ಲೇಪ ಹಾಕಿರುತ್ತಾರೆ, ಇಲ್ಲದಿದ್ದರೆ ಅನ್ನನಾಳದ ಬಾಗಿಲೂ ಸಡಿಲವಾಗಿ ಎದೆಯುರಿ ಶುರುವಾಗುತ್ತದೆ.

ಎಲೆಯ ವಯಸ್ಸಿನ ವಿಷಯ. ಪೆಪ್ಪರ್‌ಮಿಂಟ್‌ನಲ್ಲಿ ಒಂದು ಎಲೆ ಎಣ್ಣೆ ತಯಾರಿಸುವುದು ಸುಮಾರು 12ರಿಂದ 20 ದಿನದ ಪ್ರಾಯದಲ್ಲಿ ಮಾತ್ರ. ಆಮೇಲೆ ಹೊಸ ಎಣ್ಣೆ ಇಲ್ಲ, ಇದ್ದದ್ದೇ ಪಕ್ವವಾಗುತ್ತದೆ, ಮೆಂಥೋನ್ ನಿಧಾನಕ್ಕೆ ಮೆಂಥಾಲ್ ಆಗುತ್ತದೆ. ಹಾಗಾಗಿ ಎಳೆ ಚಿಗುರಿನ ಎಣ್ಣೆಗೂ ಬಲಿತ ಎಲೆಯ ಎಣ್ಣೆಗೂ ವ್ಯತ್ಯಾಸವಿದೆ. ಬರೀ ಚಿಗುರು ಚಿವುಟಿ ಔಷಧಿಗೆ ಅಂತ ತರುವವರನ್ನು ನೋಡಿದರೆ, ಸ್ವಲ್ಪ ಕೆಳಗಿನ ಎಲೆ ಕೀಳಿ ಮಾರಾಯ್ರೇ ಅನ್ನಿಸುತ್ತದೆ.

ತುಳಸಿಯ ದಾರಿ ಪೂರ್ತಿ ಬೇರೆ. ತುಳಸಿಯ ಖಾರ ವಾಸನೆಗೆ ಮುಖ್ಯ ಕಾರಣ ಯೂಜಿನಾಲ್, ಲವಂಗದಲ್ಲಿರುವುದೂ ಅದೇ, ಹಲ್ಲಿನ ಡಾಕ್ಟರು ಹುಳುಕಿಗೆ ತಾತ್ಕಾಲಿಕವಾಗಿ ತುಂಬುವ ಪೇಸ್ಟಿನ ವಾಸನೆಯೂ ಅದೇ. ಇದು ಆ ಐದು ಕಾರ್ಬನ್ನಿನ ಇಟ್ಟಿಗೆಯಿಂದ ಬರುವುದಿಲ್ಲ. ಪ್ರೋಟೀನಿನ ಭಾಗವಾದ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಶುರುವಾಗುತ್ತದೆ. ಹಲವು ಹೆಜ್ಜೆ ದಾಟಿ ಕೋನಿಫೆರಿಲ್ ಆಲ್ಕೋಹಾಲ್ ಎಂಬ ವಸ್ತುವಾಗುತ್ತದೆ. ಈ ವಸ್ತುವನ್ನು ಎಲ್ಲ ಮರಗಳೂ ತಯಾರಿಸುತ್ತವೆ, ಯಾಕೆಂದರೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಆಗುವುದು ಇದರಿಂದಲೇ. ತುಳಸಿ, ಕಾಮಕಸ್ತೂರಿಗಳು ಗ್ರಂಥಿಯೊಳಗೆ ಮಾತ್ರ ಅದಕ್ಕೆ ಅಸಿಟೇಟ್ ಬಾಲ ಅಂಟಿಸಿ, ಇನ್ನೊಂದು ಕಿಣ್ವದಿಂದ ಆ ಬಾಲವನ್ನು ಕಿತ್ತು ಯೂಜಿನಾಲ್ ಮಾಡುತ್ತವೆ. ಕೊನೆಯ ಹೆಜ್ಜೆಯ ಈ ಕಿಣ್ವ ಕಾಮಕಸ್ತೂರಿಯ ಗ್ರಂಥಿಗಳಲ್ಲಿ ಸಿಕ್ಕಿದ ಸುದ್ದಿ 2006ರಲ್ಲಿ ಪ್ರಕಟವಾಯಿತು. ಕಟ್ಟಿಗೆ ಆಗಬೇಕಿದ್ದ ಸಾಮಗ್ರಿ ಘಮಲಾಗಿ ಹೋಗುತ್ತದೆ ಅಂದರೆ ಸುಮ್ನೆ ಮಾತಲ್ಲ.

ತುಳಸಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ ಬರಹ, ಓದಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. 2015ರಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ತಂಡ ಕೃಷ್ಣ ತುಳಸಿಯ ಜೀನೋಮ್ ಪ್ರಕಟಿಸಿತು. ಅದೇ ವರ್ಷ ಔಷಧಿ ಗಿಡಗಳ ಸಂಶೋಧನೆ ನಡೆಸುವ ಲಕ್ನೋದ ಸಿಮ್ಯಾಪ್ ಸಂಸ್ಥೆಯವರೂ ತುಳಸಿಯದೇ ಜೀನೋಮ್ ಪ್ರಕಟಿಸಿದರು. ಯೂಜಿನಾಲ್, ಅರ್ಸೋಲಿಕ್ ಆಸಿಡ್ ಮುಂತಾದವನ್ನು ಮಾಡುವ ಜೀನ್‌ಗಳು ಯಾವುವು ಎಂದು ಹುಡುಕುವುದೇ ಉದ್ದೇಶ. ತುಳಸಿ ರಾತ್ರಿ ಹಗಲು 24 ಗಂಟೆ ಆಮ್ಲಜನಕ ಬಿಡುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದಲ್ಲ, ಅದು ಸುಳ್ಳು. ಬೆಳಕಿಲ್ಲದೆ ಯಾವ ಗಿಡವೂ ಆಮ್ಲಜನಕ ಬಿಡುವುದಿಲ್ಲ. ತುಳಸಿಯ ಬಗ್ಗೆ ಹೇಳಿಕೊಳ್ಳಲು ನಿಜವಾದ ಸಂಗತಿಗಳೇ ಇಷ್ಟೊಂದು ಇರುವಾಗ ಸುಳ್ಳು ಯಾಕೆ ಬೇಕೋ.

ಇನ್ನು ದೊಡ್ಡಪತ್ರೆ. ಇದರ ಎಲೆ ಮೂಸಿದವರಿಗೆಲ್ಲ ಓಮದ ನೆನಪಾಗುತ್ತದೆ. ಹಿಂದಿಯವರು ಓಮದ ಎಲೆ ಅಂತಲೇ ಕರೆಯುತ್ತಾರೆ. ಓಮದ ಗಿಡ ಕೊತ್ತಂಬರಿ, ಜೀರಿಗೆಯ ಕುಟುಂಬದ್ದು, ದೊಡ್ಡಪತ್ರೆಗೆ ಅದು ಏನೂ ಆಗಬೇಕಾಗಿಲ್ಲ. ಆದರೂ ಎರಡೂ ಥೈಮಾಲ್, ಕಾರ್ವಕ್ರಾಲ್ ಜಾತಿಯ ವಸ್ತುಗಳಿಗೆ ಬಂದು ನಿಂತಿವೆ. ದೊಡ್ಡಪತ್ರೆಯ ಎಣ್ಣೆಯಲ್ಲಿ ಸಾಮಾನ್ಯವಾಗಿ ಕಾರ್ವಕ್ರಾಲ್ ಜಾಸ್ತಿ, ಕೆಲವು ಗಿಡಗಳಲ್ಲಿ ಥೈಮಾಲ್ ಜಾಸ್ತಿ, ಊರಿಂದ ಊರಿಗೆ ವ್ಯತ್ಯಾಸ. ಪುದೀನದ ಹಾಗೇ ಹತ್ತು ಕಾರ್ಬನ್ನಿನ ಎಳೆಯಿಂದಲೇ ಆರಂಭ, ಆದರೆ ಉಂಗುರವನ್ನು ಬೇರೆ ರೀತಿ ಮಡಿಸಿ, ಬೇರೆ ಕಿಣ್ವಗಳು ತಿದ್ದುತ್ತವೆ. ಬಾಯಿ ಮುಕ್ಕಳಿಸುವ ಔಷಧಿಗಳಲ್ಲಿ ಥೈಮಾಲ್ ಹಾಕುವುದು ಬ್ಯಾಕ್ಟೀರಿಯಾದ ಪೊರೆಯನ್ನು ಅದು ಸೋರುವ ಹಾಗೆ ಮಾಡುತ್ತದೆ ಅಂತ.

ತಂಬುಳಿ ಮಾಡುವವರು ಒಂದು ಕೆಲಸ ಸರಿಯಾಗಿ ಮಾಡುತ್ತಾರೆ. ದೊಡ್ಡಪತ್ರೆಯನ್ನು ಮೊದಲು ತುಪ್ಪದಲ್ಲಿ ಬಾಡಿಸಿ, ಆಮೇಲೆ ಜೀರಿಗೆ, ಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕುತ್ತಾರೆ. ಈ ಎಣ್ಣೆಗಳು ನೀರಿನಲ್ಲಿ ಕರಗುವುದು ಕಡಿಮೆ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಬಿಸಿಯಾದ ಗ್ರಂಥಿ ಒಡೆದಾಗ ಹೊರಬಂದ ಎಣ್ಣೆಯಲ್ಲಿ ಸ್ವಲ್ಪ ಹಾರಿಹೋದರೂ ಒಂದು ಭಾಗ ತುಪ್ಪಕ್ಕೆ ಇಳಿದು ಅಲ್ಲೇ ಉಳಿಯುತ್ತದೆ.

ಕಷಾಯದಲ್ಲಿ ಆಗುವುದು ಇದರ ತಿರುಗುಮುರುಗು. ಮುಚ್ಚಳ ತೆಗೆದ ಪಾತ್ರೆಯಲ್ಲಿ ತುಳಸಿಯನ್ನು ಅರ್ಧಕ್ಕೆ ಇಳಿಯುವ ತನಕ ಕೊತಕೊತ ಕುದಿಸುತ್ತೇವೆ. ಮನೆಯೆಲ್ಲ ಘಮಘಮ. ಆ ಘಮ ಅಂದರೆ ಏನು? ಪಾತ್ರೆಯಿಂದ ಹೊರಗೆ ಹೋಗುತ್ತಿರುವ ಎಣ್ಣೆ! ಆವಿಯ ಜೊತೆ ಎಣ್ಣೆ ಏಳುತ್ತದೆ. ಉತ್ತರ ಪ್ರದೇಶದ ಬಾರಾಬಂಕಿ ಕಡೆ ರೈತರು ಮಿಂಟ್ ಎಣ್ಣೆ ತೆಗೆಯುವುದು ಇದೇ ವಿಧಾನದಲ್ಲಿ. ಬೇಸಿಗೆಯಲ್ಲಿ ಕೊಯ್ದ ಸೊಪ್ಪನ್ನು ಸ್ವಲ್ಪ ಬಾಡಿಸಿ, ದೊಡ್ಡ ಕಬ್ಬಿಣದ ಟ್ಯಾಂಕಿಗೆ ತುಂಬಿ, ಕೆಳಗೆ ಬೆಂಕಿ ಹಾಕಿ, ಬಂದ ಆವಿಯನ್ನು ತಣ್ಣೀರಿನಲ್ಲಿ ಮುಳುಗಿದ ಪೈಪಿನಲ್ಲಿ ಹಾಯಿಸುತ್ತಾರೆ. ಕೊನೆಯಲ್ಲಿ ನೀರಿನ ಮೇಲೆ ಎಣ್ಣೆ ತೇಲುತ್ತದೆ. 100 ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಎಣ್ಣೆಯೂ ಸಿಗುವುದಿಲ್ಲ, ಆದರೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಮೆಂಥಾಲ್, ತಣ್ಣಗೆ ಮಾಡಿದರೆ ಹರಳಾಗಿ ಬೀಳುತ್ತದೆ. ಜಗತ್ತಿನ ನೈಸರ್ಗಿಕ ಮೆಂಥಾಲಿನಲ್ಲಿ ದೊಡ್ಡ ಪಾಲು ಭಾರತದ್ದೇ, ಎಂಸಿಎಕ್ಸ್ ಎಂಬ ಸರಕು ವಿನಿಮಯ ಪೇಟೆಯಲ್ಲಿ ಮೆಂಥಾ ಆಯಿಲ್ ಅಂತ ವ್ಯಾಪಾರ ನಡೆಯುತ್ತದೆ. ಅವರು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತಾರೆ, ನಾವು ಅಡುಗೆಮನೆ ಕಿಟಕಿಯಿಂದ ಬಿಟ್ಟುಬಿಡುತ್ತೇವೆ.

ಹಾಗಂತ ಕುದಿಸಿದ ಕಷಾಯ ಬರೀ ಬಿಸಿನೀರು ಅಂದುಕೊಳ್ಳಬೇಡಿ. ವಾಸನೆ ಇಲ್ಲದ ಇನ್ನೊಂದು ಗುಂಪಿದೆ, ಅದರ ಬಗ್ಗೆ ಮಾತು ಕಡಿಮೆ. ರೋಸ್‌ಮರಿನಿಕ್ ಆಸಿಡ್ ಅಂತ. 1958ರಲ್ಲಿ ಇಟಲಿಯವರು ರೋಸ್‌ಮರಿ ಗಿಡದಿಂದ ಮೊದಲು ಬೇರ್ಪಡಿಸಿದರು. ತುಳಸಿ, ಪುದೀನ, ದೊಡ್ಡಪತ್ರೆ ಎಲ್ಲದರಲ್ಲೂ ಇದೆ. ಇದೂ ಫಿನೈಲ್‌ಅಲನೀನ್‌ನಿಂದಲೇ ಬರುವಂಥದ್ದು, ಜೊತೆಗೆ ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಸೇರುತ್ತದೆ, ಎರಡರಿಂದಲೂ ಬಂದ ತುಂಡುಗಳನ್ನು ಒಂದು ಕಿಣ್ವ ಬೆಸೆಯುತ್ತದೆ. ಹಾರಿಹೋಗುವುದಿಲ್ಲ, ನೀರಿಗೆ ಇಳಿಯುತ್ತದೆ, ಕಷಾಯದ ಆ ಒಗರಿನಲ್ಲಿ ಇದರ ಪಾಲೂ ಇದೆ. ಬಣ್ಣ ಬಣ್ಣದ ಎಲೆಯ ಕೋಲಿಯಸ್ ಅಂತ ಕುಂಡದಲ್ಲಿ ಬೆಳೆಸುತ್ತಾರಲ್ಲ, ಅದರ ಕೋಶಗಳನ್ನು ಜರ್ಮನಿಯ ಲ್ಯಾಬುಗಳಲ್ಲಿ ಸಕ್ಕರೆ ನೀರಿನಲ್ಲಿ ಬೆಳೆಸಿ ಇದರ ಇಡೀ ದಾರಿ ಹುಡುಕಿದರು. ಉರಿಯೂತ ತಗ್ಗಿಸುತ್ತದೆ ಅಂತ ಲ್ಯಾಬಿನ ಫಲಿತಾಂಶಗಳು ಸಾಕಷ್ಟಿವೆ, ಮನುಷ್ಯರ ಮೇಲಿನ ಪರೀಕ್ಷೆಗಳು ಕಡಿಮೆ. ಇನ್ನು ಅರ್ಸೋಲಿಕ್ ಆಸಿಡ್ ಇರುವುದು ಎಲೆಯ ಹೊರಗಿನ ಮೇಣದಲ್ಲಿ, ನೀರಿಗೆ ಅದು ಬರುವುದೇ ಇಲ್ಲ ಅನ್ನಬಹುದು. ಅದನ್ನು ಆಲ್ಕೋಹಾಲಿನಲ್ಲಿ ತೆಗೆಯುತ್ತಾರೆ. ಹಾಗಾಗಿ ಆಲ್ಕೋಹಾಲಿನಲ್ಲಿ ತೆಗೆದ ತುಳಸಿ ಸಾರದ ಮೇಲೆ ನಡೆದ ಪರೀಕ್ಷೆಯನ್ನು ತೋರಿಸಿ, ನಿಮ್ಮ ಲೋಟದ ಕಷಾಯಕ್ಕೂ ಅದೇ ಗುಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಎಲೆ, ಆದರೆ ಹೊರಗೆ ಬಂದದ್ದು ಬೇರೆ.

ನಾನು ಮಾಡುವುದು ಇಷ್ಟು. ಶುಂಠಿ, ಮೆಣಸು ಮೊದಲು ಕುದಿಸಿ, ಒಲೆ ಆರಿಸಿ, ಆಮೇಲೆ ತುಳಸಿ ಹಾಕಿ ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತೇನೆ. ಮುಚ್ಚಳ ತೆಗೆದಾಗ ಒಳಮೈಯಲ್ಲಿ ನಿಂತ ಹನಿಗಳನ್ನು ಮೂಸಿ ನೋಡಿ, ಎಣ್ಣೆ ಅಲ್ಲಿದೆ. ಆ ಹನಿಗಳನ್ನು ಪಾತ್ರೆಗೇ ಕೊಡವಿ.

ಎಲೆ ಬಿಟ್ಟು ಬೇರಿನಲ್ಲಿ ಕೆಲಸ ಮಾಡುವವರೂ ಈ ಕುಟುಂಬದಲ್ಲಿದ್ದಾರೆ. ಮಾಕಂದಿ ಬೇರು ಅಂತ ಒಂದಿದೆ, ದೊಡ್ಡಪತ್ರೆಯ ಹತ್ತಿರದ ಬಂಧು, ಗುಜರಾತಿನಲ್ಲಿ ಇದರ ಗೆಡ್ಡೆಯ ಉಪ್ಪಿನಕಾಯಿ ಹಾಕುತ್ತಾರೆ. ಕರ್ನಾಟಕ, ತಮಿಳುನಾಡಿನಲ್ಲೂ ಔಷಧಿ ಕಂಪನಿಗಳಿಗಾಗಿ ಬೆಳೆಸುತ್ತಾರೆ. 1970ರ ದಶಕದಲ್ಲಿ ಹೆಕ್ಸ್ಟ್ ಎಂಬ ಜರ್ಮನ್ ಔಷಧಿ ಕಂಪನಿಯ ಮುಂಬೈ ಸಂಶೋಧನಾ ಕೇಂದ್ರದವರೂ ಲಕ್ನೋದ ಸರ್ಕಾರಿ ಔಷಧಿ ಸಂಶೋಧನಾ ಸಂಸ್ಥೆ ಸಿಡಿಆರ್‌ಐನವರೂ ಇದರ ಬೇರಿನಿಂದ ರಕ್ತದೊತ್ತಡ ತಗ್ಗಿಸುವ ಒಂದು ವಸ್ತುವನ್ನು ಹೊರತೆಗೆದರು. ಈಗ ಅದನ್ನು ಫೋರ್ಸ್ಕೋಲಿನ್ ಅನ್ನುತ್ತಾರೆ. ನಾಲ್ಕು ಇಟ್ಟಿಗೆಯ, ಇಪ್ಪತ್ತು ಕಾರ್ಬನ್ನಿನ ವಸ್ತುವಿನಿಂದ ಇದರ ತಯಾರಿ. 1981ರಲ್ಲಿ ಗೊತ್ತಾದದ್ದು ಏನೆಂದರೆ ಇದು ಜೀವಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ನೇರವಾಗಿ ಏರಿಸುತ್ತದೆ. ಅಲ್ಲಿಂದೀಚೆಗೆ ಜಗತ್ತಿನ ಜೀವಶಾಸ್ತ್ರ ಲ್ಯಾಬುಗಳಲ್ಲಿ ಇದು ಮಾಮೂಲಿ ಸಾಮಾನು. ಜಪಾನಿನಲ್ಲಿ ಇದರ ತಿದ್ದಿದ ರೂಪವನ್ನು ಹೃದಯ ವೈಫಲ್ಯಕ್ಕೆ ಔಷಧಿಯಾಗಿ ತಂದರು. ತೂಕ ಇಳಿಸುವ ಮಾತ್ರೆ ಅಂತ ಆನ್‌ಲೈನಿನಲ್ಲಿ ಮಾರುವುದನ್ನು ಮಾತ್ರ ನಾನು ನಂಬುವುದಿಲ್ಲ, ಆಧಾರ ತೀರಾ ತೆಳು.

ಬೇರಿನಲ್ಲಿ ಎಲೆಯಂಥ ಗ್ರಂಥಿ ಇರುವುದಿಲ್ಲವಲ್ಲ, ಹಾಗಾದರೆ ಎಲ್ಲಿ? ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು 2014ರಲ್ಲಿ ನೋಡಿದರು. ಬೇರಿನ ಹೊರ ತೊಗಟೆಯ ಕೋಶಗಳಲ್ಲಿ ಸಣ್ಣ ಎಣ್ಣೆಯ ಗುಳ್ಳೆಗಳು, ಫೋರ್ಸ್ಕೋಲಿನ್ನೂ ಅದರ ಹಿಂದಿನ ರೂಪವೂ ಅದರೊಳಗೆ. ಮತ್ತೆ ಅದೇ ಬುದ್ಧಿ, ಬೇರೆಯಾಗಿ ಕಟ್ಟಿಡುವುದು, ಹೊರ ಅಂಚಿನಲ್ಲೇ ಇಡುವುದು. 2017ರಲ್ಲಿ ಅದೇ ತಂಡ ಬೇಕಾದ ಜೀನ್‌ಗಳನ್ನೆಲ್ಲ ಯೀಸ್ಟಿಗೆ ಹಾಕಿ, ಲೀಟರಿಗೆ ಸುಮಾರು 40 ಮಿಲಿಗ್ರಾಂ ಫೋರ್ಸ್ಕೋಲಿನ್ ತೆಗೆದುತೋರಿಸಿತು. ಬ್ರೆಡ್ ಉಬ್ಬಿಸುವ ಯೀಸ್ಟೇ. ಮುಂದೊಂದು ದಿನ ಇದು ದೊಡ್ಡದಾಗಿ ನಡೆದರೆ ಮಾಕಂದಿ ಬೆಳೆಯುವ ರೈತರ ಗತಿಯೇನು ಅನ್ನುವ ಪ್ರಶ್ನೆಯನ್ನು ಆ ಲ್ಯಾಬಿನವರು ಕೇಳಿಕೊಳ್ಳಬೇಕಾಗಿಲ್ಲ, ನಾವು ಕೇಳಿಕೊಳ್ಳಬೇಕು.

ಲಕ್ಕಿಯದ್ದು ಇನ್ನೊಂದು ಕಥೆ. ಅದರ ಎಲೆಯಲ್ಲಿ ಇರಿಡಾಯ್ಡ್ ಎಂಬ ಕಹಿ ವಸ್ತುಗಳಿವೆ. ಇವು ಈ ಕುಟುಂಬದ ಹಳೆಯ ಆಸ್ತಿ. ಪುದೀನ, ತುಳಸಿಗಳ ಕವಲಿನ ಪೂರ್ವಜ ಒಂದು ಕಾಲದಲ್ಲಿ ಇವನ್ನು ಮಾಡುವುದನ್ನೇ ಬಿಟ್ಟುಬಿಟ್ಟಿತು. ಆ ಕವಲಿನಲ್ಲೇ ಹುಟ್ಟಿದ ಕ್ಯಾಟ್‌ನಿಪ್ ಎಂಬ ಗಿಡ, ಬೆಕ್ಕುಗಳು ಹುಚ್ಚೆದ್ದು ಹೊರಳಾಡುತ್ತವಲ್ಲ ಅದು, ಕಳೆದುಹೋದ ದಾರಿಯನ್ನು ಹೊಸ ಕಿಣ್ವಗಳಿಂದ ಮತ್ತೆ ಕಟ್ಟಿಕೊಂಡಿದೆ. 2020ರಲ್ಲಿ ಜೀನೋಮ್ ಓದಿ ಇದನ್ನು ತೋರಿಸಿದರು. ಬೆಕ್ಕಿಗೆ ಅಮಲು, ಸೊಳ್ಳೆಗೆ ಅದೇ ವಾಸನೆ ಆಗದು.

ವಿಷದ ಮಾತಿಗೆ ಬರುತ್ತೇನೆ ಅಂದಿದ್ದೆ. ಮೆಂಥಾಲಿನ ದಾರಿಯಲ್ಲಿ ಪುಲೆಗೋನ್ ಅಂತ ಒಂದು ಹೆಜ್ಜೆ ಬಂತಲ್ಲ, ಅದು ಯಕೃತ್ತಿಗೆ ಕೆಟ್ಟದ್ದು. ಯುರೋಪಿನ ಪೆನ್ನಿರಾಯಲ್ ಎಂಬ ಪುದೀನ ಜಾತಿಯಲ್ಲಿ ದಾರಿ ಅಲ್ಲೇ ನಿಂತುಬಿಡುತ್ತದೆ, ಎಣ್ಣೆಯಲ್ಲಿ ಹೆಚ್ಚಿನದು ಪುಲೆಗೋನೇ. ಗರ್ಭ ಇಳಿಸಲು ಅದರ ಎಣ್ಣೆ ಕುಡಿದು ಸತ್ತವರಿದ್ದಾರೆ. ಮುಂದಿನ ಹೆಜ್ಜೆಯ ಒಂದು ಕಿಣ್ವ ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ವ್ಯತ್ಯಾಸ. ಚಟ್ನಿಯ ಪುದೀನಕ್ಕೆ ಹೆದರಬೇಕಾಗಿಲ್ಲ. ಆದರೆ ಎಸೆನ್ಷಿಯಲ್ ಆಯಿಲ್ ಅಂತ ಸಣ್ಣ ಬಾಟಲಿಯಲ್ಲಿ ಬರುತ್ತದಲ್ಲ, ಅದರ ಕೆಲವೇ ಹನಿಯಲ್ಲಿ ರಾಶಿ ಎಲೆಯ ಗ್ರಂಥಿಗಳ ಸರಕು ಇರುತ್ತದೆ. ಅದನ್ನು ಕುಡಿಯುವುದು, ಹಸುಗೂಸಿನ ಮೂಗಿನ ಹತ್ತಿರ ಹಚ್ಚುವುದು ಬೇಡವೇ ಬೇಡ. ಪುಟ್ಟ ಮಕ್ಕಳಿಗೆ ಮೆಂಥಾಲಿನಿಂದ ಉಸಿರೇ ಕಟ್ಟಬಹುದು.

ಕೊನೆಗೆ ಅಪಾರ್ಟ್‌ಮೆಂಟಿನವರಿಗೆ. ಕಾಮಕಸ್ತೂರಿಯನ್ನು ಕಿಟಕಿ ಗಾಜಿನ ಒಳಗಡೆ ಇಟ್ಟು, ಎಲೆ ಚೆನ್ನಾಗಿ ಬಂದಿದೆ ವಾಸನೆಯೇ ಇಲ್ಲ ಅಂತ ತುಂಬ ಜನ ಹೇಳುತ್ತಾರೆ. ಬಿಸಿಲಿನಲ್ಲಿ ಯುವಿ-ಬಿ ಅನ್ನುವ ಭಾಗವಿದೆ, ಕಿಟಕಿಯ ಗಾಜು ಅದರಲ್ಲಿ ಹೆಚ್ಚಿನದನ್ನು ತಡೆಯುತ್ತದೆ. ಬ್ರಿಟನ್ನಿನಲ್ಲಿ ಕಾಮಕಸ್ತೂರಿಯ ಮೇಲೆ ಮಾಡಿದ ಪ್ರಯೋಗ 2002ರಲ್ಲಿ ಪ್ರಕಟವಾಗಿತ್ತು. ಯುವಿ-ಬಿ ಸಿಗದ ಗಿಡಗಳಲ್ಲಿ ಎಣ್ಣೆಯ ಗ್ರಂಥಿಗಳು ಸರಿಯಾಗಿ ತುಂಬಿಕೊಂಡಿರಲಿಲ್ಲ, ಯುವಿ-ಬಿ ಕೊಟ್ಟ ಮೇಲೆ ತುಂಬಿಕೊಂಡವು. ಕುಂಡವನ್ನು ಗಾಜಿನಿಂದಾಚೆ, ಬಾಲ್ಕನಿಯ ಕಟ್ಟೆಗೆ ಸಾಗಿಸಿ. ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಬೇಡ, ಎಲೆ ಸುಟ್ಟುಹೋಗುತ್ತದೆ, ಮೊದಲು ಬೆಳಗಿನ ಬಿಸಿಲು ಸಾಕು. ಈಗಿರುವ ಎಲೆಗಳಿಗಿಂತ ಅಲ್ಲಿ ಹೊಸದಾಗಿ ಬರುವ ಎಲೆಗಳನ್ನು ಸವರಿ ನೋಡಿ.